ಎರಡು ಬಾಟಲಿ ಪ್ರಸಾದ

ಪುರಸೈವಾಕ್ಕಂ, ಚೆನ್ನೈ
8 ಜೂನ್ 2025

ಶಿವಣ್ಣನಿಗೆ,

ನೀನು ಎರಡು ವರ್ಷದಿಂದ ಅವ್ವನಿಗೆ ಸುಳ್ಳು ಹೇಳುತ್ತಿದ್ದೀಯ. ಹಣ್ಣಿನ ಪಾನಕ ಮಾಡುವ ಫ್ಯಾಕ್ಟರಿ ಎಂದೆ. ಅಲ್ಲಿ ತಯಾರಾಗುವುದು ಬಿಯರ್. ತಯಾರಿಸುವವನು ನೀನು.

ಯಾರೂ ನನಗೆ ಚಾಡಿ ಹೇಳಿಲ್ಲ. ಪೆರುಂಗುಡಿಯ ನಮ್ಮ ಆಫೀಸಿನ ಹರ್ಷಿಣಿ ರಜೆಗೆ ಬೆಂಗಳೂರಿಗೆ ಹೋಗಿ ಬಂದಳು. ಊಟದ ಹೊತ್ತಿನಲ್ಲಿ ಫೋಟೋ ತೋರಿಸುತ್ತಿದ್ದಳು. ಹೊಳೆಯುವ ದೊಡ್ಡ ಸ್ಟೀಲ್ ಟ್ಯಾಂಕು, ಅದರ ಮುಂದೆ ರಬ್ಬರ್ ಬೂಟು ಹಾಕಿಕೊಂಡು, ಗ್ಲಾಸನ್ನು ಬೆಳಕಿಗೆ ಎತ್ತಿ ಹಿಡಿದು ನೋಡುತ್ತಿರುವ ನೀನು. "ಇವರೇ ಇಲ್ಲಿ ಬಿಯರ್ ಮಾಡೋರು ಕಣೇ, ಸಕತ್ ತಮಾಷೆ ಮನುಷ್ಯ" ಎಂದಳು. ನನ್ನ ಅಣ್ಣ ಎಂದು ಹೇಳಲು ಬಾಯಿ ಬರಲಿಲ್ಲ. ಡಬ್ಬಿ ಮುಚ್ಚಿ ಎದ್ದು ಹೋದೆ.

ಫೋನು ಮಾಡಬೇಡ, ಎತ್ತುವುದಿಲ್ಲ. ಫೋನಿನಲ್ಲಿ ನೀನು ಎರಡು ಮಾತಿಗೇ ನನ್ನನ್ನು ನಗಿಸಿಬಿಡುತ್ತೀಯ, ಆಮೇಲೆ ನನ್ನ ಸಿಟ್ಟಿಗೆ ಮರ್ಯಾದೆ ಉಳಿಯುವುದಿಲ್ಲ. ಅದಕ್ಕೇ ಕಾಗದ. ಕಾಗದಕ್ಕೆ ಕಾಗದದಲ್ಲೇ ಉತ್ತರ ಕೊಡು.

ನಾನು ಭಾನುವಾರ ಏನು ಮಾಡುತ್ತೇನೆ ಎಂದು ನಿನಗೆ ಗೊತ್ತು. ಶೋಳಿಂಗನಲ್ಲೂರ್ ಸಿಗ್ನಲ್ಲಿನಲ್ಲಿ ನಿಂತು ಮದ್ಯ ಬಿಡಿ ಎಂದು ಕರಪತ್ರ ಹಂಚುತ್ತೇನೆ. ಮೊದಲು ನಾವು ಆರು ಜನ ಇದ್ದೆವು. ಈಗ ಉಳಿದದ್ದು ನಾನು ಮತ್ತು ಗೆಳತಿ ಮೌನ, ಇಬ್ಬರೇ. ನಮ್ಮ ಓಣಿಯ ಇಸ್ತ್ರಿ ಅಂಗಡಿಯ ಅಕ್ಕ ಹಗಲೆಲ್ಲ ಇದ್ದಿಲಿನ ಮುಂದೆ ನಿಂತು ದುಡಿದದ್ದು ಸಂಜೆಗೆ ಗಂಡನ ಗಂಟಲಲ್ಲಿ ಇಳಿದು ಹೋಗುವುದನ್ನು ಕಂಡು ನಾನು ಈ ಕೆಲಸಕ್ಕೆ ಇಳಿದೆ. ಇನ್ನು ಮುಂದೆ ಆ ಅಕ್ಕನ ಮುಖ ಹೇಗೆ ನೋಡಲಿ?

ಅವ್ವ ಪ್ರತಿ ಸೋಮವಾರ ವಚನ ಹಾಡಲು ಸೇರುವ ಅಕ್ಕನ ಬಳಗದ ಹೆಂಗಸರ ಮುಂದೆ ನಿನ್ನ ಮಾತು ತೆಗೆಯುತ್ತಾಳೆ. "ನನ್ನ ಮಗ ಪಾನಕಾ ಮಾಡ್ತಾನ್ರೀ, ಬಾಯಾರಿದವ್ರಿಗೆ ನೀರು ಕೊಡೋ ಕಾಯಕ" ಎನ್ನುತ್ತಾಳೆ. ಅಪ್ಪ ಹೋದ ಮೇಲೆ ಆಕೆ ಹೆಮ್ಮೆಪಡುವ ವಿಷಯ ಅದೊಂದೇ. ಆ ಕೆಲಸ ಬಿಡು, ಇಲ್ಲವೇ ನಿಜ ಹೇಳು.

ಇನ್ನೂ ನಿನ್ನ ತಂಗಿ,
ಶರಣ್ಯಾ


ಬೆಂಗಳೂರು
22 ಜೂನ್ 2025

ಲೀಡರ್ ಶರಣವ್ವನವರಿಗೆ,

ಕಾಗದ ಮುಟ್ಟಿತು. ಕೊನೆಯಲ್ಲಿ "ಇವು ನಮ್ಮ ಬೇಡಿಕೆಗಳು" ಎಂದು ಬಂದೇ ಬರುತ್ತದೆ ಅಂದುಕೊಂಡು ಹಾಳೆ ತಿರುಗಿಸಿದೆ. ಎರಡೇ ಬೇಡಿಕೆ. ಪರವಾಗಿಲ್ಲ, ಸುಧಾರಿಸಿದ್ದೀಯ.

ಸುಳ್ಳು ಹೇಳಿದ್ದು ನಿಜ. ಹೇಗಾಯಿತು ಕೇಳು. ಕೆಲಸಕ್ಕೆ ಸೇರಿದ ವಾರ ಅವ್ವ ಫೋನಿನಲ್ಲಿ "ಅಲ್ಲಿ ಏನ್ ಮಾಡ್ತೀರೋ ತಮ್ಮಾ?" ಎಂದಳು. "ಕುಡಿಯೋದು ಅವ್ವಾ, ಕಿತ್ತಳಿ ಎಲ್ಲಾ ಹಾಕಿ ಮಾಡ್ತೀವಿ" ಎಂದೆ. "ಪಾನಕಾನ?" ಎಂದಳು. "ಹೂಂ" ಎಂದೆ. ಅಷ್ಟೇ. ಆ ಒಂದು ಹೂಂ ಅನ್ನು ವಾಪಸು ತೆಗೆದುಕೊಳ್ಳಲು ಪ್ರತಿ ಸಲ ಫೋನು ಹಿಡಿಯುತ್ತೇನೆ. ಪ್ರತಿ ಸಲ ಆಕೆ ಮೊದಲು ಉಂಡೆಯಾ ಎಂದು ಕೇಳಿಬಿಡುತ್ತಾಳೆ.

ಈಗ ನನ್ನದೊಂದು ಮಾತು. ಕರಪತ್ರದಲ್ಲಿ ನೀನು ವಿಷ ಎಂದು ಬರೆಯುವ ವಸ್ತುವನ್ನು ನೀನು ನೋಡಿಯೇ ಇಲ್ಲ. ನಾನು ಮಾಡುವುದು ಬೆಲ್ಜಿಯಂ ದೇಶದ ರೀತಿಯ ಗೋಧಿ ಏಲ್, ಬಿಯರಿನಲ್ಲೇ ಒಂದು ಬಗೆ. ಬಾರ್ಲಿ ಜೊತೆಗೆ ಗೋಧಿ, ಒಣಗಿಸಿದ ಕಿತ್ತಳೆ ಸಿಪ್ಪೆ, ಜಜ್ಜಿದ ಹವೀಜ. ಹೌದು, ಅವ್ವ ಸಾರಿಗೆ ಹಾಕುವ ಅದೇ ಕೊತ್ತಂಬರಿ ಬೀಜ. ಸೋಸುವುದಿಲ್ಲ, ಮೋಡ ಕಟ್ಟಿದ ಹಾಗೆ ಮಸುಕಾಗಿರುತ್ತದೆ. ಆ ದೇಶದಲ್ಲಿ ಮಠದ ಸ್ವಾಮಿಗಳೇ ನಿಂತು ಏಲ್ ಕಾಸುತ್ತಾರೆ, ಗೊತ್ತಾ? ಇದನ್ನು ಕುಡಿದು ಯಾರೂ ಹೆಂಡತಿಯನ್ನು ಹೊಡೆಯುವುದಿಲ್ಲ. ಒಂದು ಗ್ಲಾಸಿನ ಬೆಲೆ ಕೇಳಿದರೇ ನಶೆ ಇಳಿಯುತ್ತದೆ.

ಶನಿವಾರ ಇಲ್ಲಿ ಕೂರಲು ಜಾಗ ಇರುವುದಿಲ್ಲ. ಎಲ್ಲರೂ ಬೆನ್ನು ತಟ್ಟುತ್ತಾರೆ. ಅವರೆಲ್ಲ ಹೋದ ಮೇಲೆ ನಾನು ಟ್ಯಾಂಕು ತೊಳೆಯುತ್ತೇನೆ. ನನ್ನ ಕೈಯಿಂದ ಆದ ಒಂದು ಒಳ್ಳೆಯ ವಸ್ತುವನ್ನು ನನ್ನವರು ಅನ್ನುವವರಲ್ಲಿ ಒಬ್ಬರೂ ರುಚಿ ನೋಡಿಲ್ಲ. ಇದು ದೂರಲ್ಲ, ಸುಮ್ಮನೆ ಹೇಳಿದೆ.

ಮುಂದಿನ ತಿಂಗಳು ಗೆಳೆಯ ಕಿಟ್ಟು ಚೆನ್ನೈಗೆ ಬರುತ್ತಾನೆ. ಅವನ ಕೈಯಲ್ಲಿ ಎರಡು ಬಾಟಲಿ ಕಳಿಸುತ್ತೇನೆ. ನಿನ್ನ ಆಫೀಸಿಗೇ ತಂದು ಕೊಡುತ್ತಾನೆ. ಒಂದು ಗುಟುಕು ಕುಡಿ, ಆಮೇಲೆ ಎಷ್ಟು ಬೇಕಾದರೂ ಬೈ.

ನಿನ್ನ ಅಣ್ಣ,
ಶಿವಶರಣ


ಪುರಸೈವಾಕ್ಕಂ, ಚೆನ್ನೈ
29 ಜುಲೈ 2025

ಶಿವಣ್ಣ,

ನಿನ್ನ ಹಿಂದಿನ ಕಾಗದಕ್ಕೆ ನಾನು ಉತ್ತರ ಬರೆಯಲಿಲ್ಲ. ಕಳಿಸು ಎಂದೂ ಹೇಳಲಿಲ್ಲ. ಬಡವ ಕುಡಿದರೆ ಚಟ, ಇದ್ದವ ಕುಡಿದರೆ ರುಚಿ ಎನ್ನುವ ನಿನ್ನ ವಾದಕ್ಕೆ ಉತ್ತರ ಕೊಡುವುದೇ ಅವಮಾನ ಅಂದುಕೊಂಡಿದ್ದೆ. ಅಷ್ಟರಲ್ಲಿ ನೀನು ಕಳಿಸಿಯೇಬಿಟ್ಟೆ.

ಕಿಟ್ಟು ಪೆರುಂಗುಡಿಗೆ ಬರಲಿಲ್ಲ. ಸೆಂಟ್ರಲ್ ಸ್ಟೇಷನ್ನಿನಲ್ಲಿ ಇಳಿದವನಿಗೆ ಪುರಸೈವಾಕ್ಕಂ ಹತ್ತಿರವಾಯಿತು. ಸೀದಾ ಮನೆಗೆ ಹೋಗಿ, "ಶಿವು ತನ್ನ ಫ್ಯಾಕ್ಟರಿದು ಕಳಿಸಿದಾನೆ, ಶರಣ್ಯಾಗೆ ಕೊಡಿ" ಎಂದು ಅವ್ವನ ಕೈಯಲ್ಲಿ ಬಾಟಲಿ ಇಟ್ಟು ಹೋಗಿದ್ದಾನೆ. ಮೇಲಿನ ಚೀಟಿಯಲ್ಲಿ ಕಿತ್ತಳೆ ಹಣ್ಣಿನ ಚಿತ್ರ. ಇಂಗ್ಲಿಷ್ ಅಕ್ಷರ ಅವ್ವನಿಗೆ ಓದಲು ಬರುವುದಿಲ್ಲ.

ನಿನ್ನೆ ಶ್ರಾವಣದ ಮೊದಲ ಸೋಮವಾರ. ಮನೆಗೆ ಬಂದ ಹೊಸ ತಿನಿಸು ಏನೇ ಇರಲಿ, ಲಿಂಗಕ್ಕೆ ಅರ್ಪಿಸದೆ ಅವ್ವ ಬಾಯಿಗಿಡುವುದಿಲ್ಲ. ಇದಂತೂ ಮಗನ ಕಾಯಕದ್ದು.

ನಾನು ಆಫೀಸಿನಿಂದ ಬರುವ ಹೊತ್ತಿಗೆ ಅಕ್ಕನ ಬಳಗದವರೆಲ್ಲ ಹಾಲ್‌ನಲ್ಲಿ ಕೂತಿದ್ದರು. ಪೂಜೆ ಮುಗಿದಿತ್ತು. ಅವ್ವನ ಕೈಯಲ್ಲಿ ಬೆಳ್ಳಿ ಗಿಂಡಿ. "ಬಂದ್ಯಾ? ಕೈಕಾಲು ತೊಳಕೊಂಡು ಬಾ, ನಿಮ್ಮಣ್ಣ ಕಳಸ್ಯಾನ" ಎಂದಳು. ಎಲ್ಲರ ಅಂಗೈಗೂ ಆಗಲೇ ಬಿದ್ದಿತ್ತು. ನನ್ನ ಅಂಗೈಗೂ ಹಾಕಿದಳು. ಬಾಟಲಿ ಬಂದರೆ ಆಫೀಸಿಗೇ ಎಂದು ನೀನು ಬರೆದಿದ್ದೆಯಲ್ಲ, ನನಗೆ ಹೊಳೆಯಲೇ ಇಲ್ಲ; ಕಣ್ಣಿಗೊತ್ತಿ ಕುಡಿದೆ.

"ಏನ್ರೀ ಕಲ್ಯಾಣಮ್ಮಾರ, ನಾಲಿಗಿ ಮ್ಯಾಲ ಕುಣಿತೈತಲ್ರೀ! ಸೋಡಾ ಹಾಕ್ಯಾನೇನು ನಿಮ್ಮ ಹುಡುಗ?" ಎಂದರು ಎದುರುಮನೆಯ ವಿಮಲಾ ಚಿಗವ್ವ.

"ಹವೀಜದ ವಾಸನಿ ಬಂತೇನ್ರೀ? ಪಿತ್ತಕ್ಕ ಚಲೋ ಅದು. ಎಲ್ಲಾ ತಿಳದ ಮಾಡ್ತಾನ್ರೀ ನನ್ನ ಮಗ" ಎಂದಳು ಅವ್ವ.

ನನಗೆ ಹವೀಜ ಎನ್ನುವ ಮಾತು ಕೇಳಿದ ಕೂಡಲೇ ನಿನ್ನ ಕಾಗದ ನೆನಪಾಯಿತು. ಅಡುಗೆಮನೆಗೆ ಹೋದೆ. ಸಿಂಕಿನ ಪಕ್ಕದಲ್ಲಿ ಎರಡು ಖಾಲಿ ಬಾಟಲಿ, ಮುಚ್ಚಳ ಕಿತ್ತ ಇಕ್ಕಳ. ಚೀಟಿ ಓದಿದೆ. ಹೊರಗೆ ಬಂದಾಗ ವಿಮಲಾ ಚಿಗವ್ವ ಎರಡನೇ ಸಲ ಕೈಚಾಚಿದ್ದರು. ಗಿಂಡಿಯಲ್ಲಿ ಇನ್ನೂ ಅರ್ಧ ಇತ್ತು.

ಸಿಗ್ನಲ್ಲಿನಲ್ಲಿ ಬಸ್ಸಿನ ಸದ್ದಿಗೂ ಮೇಲಾಗಿ ಕೂಗುವ ನನಗೆ ಆ ಹೆಂಗಸರ ಮುಂದೆ ದನಿ ಏಳಲಿಲ್ಲ. ಅವ್ವನ ಮುಖ ಹಾಗಿತ್ತು. ನೀನು ನೋಡಬೇಕಿತ್ತು, ನೋಡಿದ್ದರೆ ನೀನೂ ಸುಮ್ಮನಾಗುತ್ತಿದ್ದೆ. ನಾನು ಗಿಂಡಿ ಕಿತ್ತುಕೊಂಡೆ. "ಸಾಕು, ಉಳಿದಿದ್ದು ನಂಗೆ" ಎಂದೆ. ಎಲ್ಲರೂ ನಕ್ಕರು. "ಅಣ್ಣನ ಮ್ಯಾಲ ಜೀವ ನೋಡ್ರವಾ ಹುಡುಗೀದು!"

ಒಳಗೆ ಒಯ್ದು ಚೆಲ್ಲಬೇಕೆಂದಿದ್ದೆ. ಅವ್ವ ಬಿಡಲಿಲ್ಲ. "ಇಲ್ಲೇ ಕುಡಿ. ಪ್ರಸಾದ ಉಳಸಬಾರ್ದು."

ನಿಂತಲ್ಲೇ ಅಷ್ಟನ್ನೂ ಕುಡಿದೆ. ಗೊತ್ತಿದ್ದೂ ಕುಡಿದೆ. ಗೊತ್ತಿಲ್ಲದೆ ಕುಡಿದವರ ಪಾಪ ನಿನ್ನದು. ಇದು ನನ್ನದು.

ಕಥೆ ಇಲ್ಲಿಗೆ ಮುಗಿಯಲಿಲ್ಲ. ಅವರಿಗೆಲ್ಲ ರುಚಿ ಹಿಡಿಸಿದೆ. ಶ್ರಾವಣದ ಕಡೇ ಸೋಮವಾರ, ಆಗಸ್ಟ್ ಹದಿನೆಂಟಕ್ಕೆ, ನಮ್ಮ ಮನೆಯಲ್ಲಿ ದೊಡ್ಡ ದಾಸೋಹ. ಬಳಗದವರ ಮನೆಮಂದಿಯೆಲ್ಲ ಬರುತ್ತಾರೆ, ಮಕ್ಕಳೂ ಬರುತ್ತಾರೆ. "ಎಲ್ಲಾರಿಗೂ ನನ್ನ ಮಗನ ಪಾನಕಾನ" ಎಂದು ಅವ್ವ ಮಾತು ಕೊಟ್ಟಿದ್ದಾಳೆ.

ಈಗ ಏನು ಮಾಡುತ್ತೀಯ?

ಶರಣ್ಯಾ


ಬೆಂಗಳೂರು
2 ಆಗಸ್ಟ್ 2025

ಶರಣಿ,

ಮೊದಲು ನಕ್ಕೆ, ಒಪ್ಪಿಕೊಳ್ಳುತ್ತೇನೆ. ವಿಮಲಾ ಚಿಗವ್ವ ಕೈಚಾಚಿದ್ದನ್ನು ಓದುವಾಗ ಜೋರಾಗಿಯೇ ನಕ್ಕೆ. ಆಮೇಲೆ ಅವ್ವ ಲಿಂಗ ಅಂಗೈಯಲ್ಲಿ ಹಿಡಿದು ನನ್ನ ಬಾಟಲಿಯದನ್ನು ಅರ್ಪಿಸಿದಳು ಎನ್ನುವುದು ತಲೆಗೆ ಇಳಿಯಿತು. ಅವತ್ತು ಕೆಲಸ ಮಾಡಲಾಗಲಿಲ್ಲ. ಕಿಟ್ಟುವಿಗೆ ಬಾಯಿಗೆ ಬಂದ ಹಾಗೆ ಬೈದೆ. ಅವನದೇನು ತಪ್ಪು?

ಒಂದು ದಾರಿ ಇದೆ, ಸಿಟ್ಟಾಗದೆ ಓದು. ಅದೇ ಬಾಟಲಿ, ಅದೇ ಚೀಟಿ. ಒಳಗೆ ಬರೀ ಕಿತ್ತಳೆ ರಸ, ನಿಂಬೆ, ಹವೀಜದ ನೀರು, ಸೋಡಾ. ಒಂದು ತೊಟ್ಟೂ ಮದ್ಯ ಇರುವುದಿಲ್ಲ. ನಾನೇ ಕೂತು ಮಾಡುತ್ತೇನೆ. ಮಕ್ಕಳೂ ಕುಡಿಯಬಹುದು. ಅವ್ವನ ಮಾತು ಉಳಿಯುತ್ತದೆ. ಆ ದಿನ ನನ್ನ ಮಾತೂ ನಿಜವಾಗುತ್ತದೆ, ಪಾನಕ ಅಂದರೆ ಪಾನಕವೇ. ಯಾರಿಗೆ ಏನು ನಷ್ಟ?

ಇನ್ನೊಂದು ಕೇಳಲೇ? ಅಷ್ಟುದ್ದ ಬರೆದೆ, ಯಾರು ಎಲ್ಲಿ ಕೂತಿದ್ದರು ಎಲ್ಲ ಬರೆದೆ. ರುಚಿ ಹೇಗಿತ್ತು ಎಂದು ಬರೆಯಲಿಲ್ಲ.

ಶಿವು


ಪುರಸೈವಾಕ್ಕಂ, ಚೆನ್ನೈ
6 ಆಗಸ್ಟ್ 2025

ಶಿವಣ್ಣ,

ಬೇಡ. ಅವ್ವ ನಂಬಿರುವ ಒಂದು ಸುಳ್ಳಿಗೆ ಇನ್ನೊಂದು ಸುಳ್ಳನ್ನು ಬಾಟಲಿಯಲ್ಲಿ ತುಂಬಿ ಮುಚ್ಚಳ ಹಾಕಿ ಕಳಿಸುತ್ತೀಯ? ಮೊದಲನೆಯದು ಒಂದು ಹೂಂ. ಬಾಯಿ ತಪ್ಪಿ ಬಂತು ಎನ್ನಬಹುದು. ಇದು ಹಾಗಲ್ಲ. ಅಳತೆ ಮಾಡಿ, ಕೂತು, ಕುದಿಸಿ ಮಾಡುವ ಸುಳ್ಳು. ಕಳಿಸಿದರೆ ಬಂದವರೆಲ್ಲರ ಎದುರಿಗೇ ನಾನು ಬಾಯಿ ಬಿಡುತ್ತೇನೆ. ಈ ಸಲ ದನಿ ಏಳುತ್ತದೆ.

ರುಚಿ ಕೇಳಿದೆ. ಸುಳ್ಳು ಬರೆಯಲಾರೆ, ಆದ್ದರಿಂದ ಬರೆಯುತ್ತೇನೆ.

ಮೊದಲು ಕಿತ್ತಳೆ. ಹಣ್ಣಿನ ಸಿಹಿಯಲ್ಲ. ಸಿಪ್ಪೆಯನ್ನು ಉಗುರಿನಿಂದ ಸೀಳಿದಾಗ ಮುಖಕ್ಕೆ ಹಾರುವ ತುಂತುರಿನ ಹಾಗೆ. ಅದರ ಹಿಂದೆಯೇ ಹವೀಜ, ಆದರೆ ಸಾರಿನದಲ್ಲ, ಈಗ ತಾನೇ ಕುಟ್ಟಾಣಿಯಲ್ಲಿ ಒಡೆದ ಹಸಿ ಘಮ. ಕೆಳಗೆಲ್ಲ ಗೋಧಿ ಹಿಟ್ಟಿನ ಮೆತ್ತನೆ. ಸಣ್ಣ ಹುಳಿ. ನುಂಗಿದ ಮೇಲೆ ಗಂಟಲಲ್ಲಿ ಲವಂಗದ ಬಿಸಿ ಸ್ವಲ್ಪ ಹೊತ್ತು ಉಳಿಯಿತು. ಲವಂಗ ಹಾಕಿದ್ದೆಯಾ? ಕಹಿ ಇರುತ್ತದೆ ಅಂದುಕೊಂಡಿದ್ದೆ. ಕಹಿ ಇತ್ತು, ಬೈಯುವಷ್ಟು ಇರಲಿಲ್ಲ.

ಚೆನ್ನಾಗಿತ್ತು. ಈ ಒಂದು ಪದ ಬರೆಯಲು ನನಗೆ ಅರ್ಧ ಗಂಟೆ ಹಿಡಿಯಿತು.

ಬಳಗದವರು ಹೋದ ಮೇಲೆ ಟೆರೇಸಿಗೆ ಹೋಗಿ ಕೂತೆ. ತಲೆ ಹಗುರಾಗಿತ್ತು. ಕೆಳಗೆ ಬಟ್ಟೆ ಅಂಗಡಿಗಳ ದೀಪ, ತಮಿಳರ ಆಡಿ ತಿಂಗಳ ರಿಯಾಯಿತಿ ಎಂದು ಕೂಗುವ ಮೈಕು, ಅಷ್ಟೊಂದು ಜನ. ಇವರಲ್ಲಿ ಯಾರಿಗೆ ಹೇಳಲಿ ಎಂದು ಯೋಚಿಸಿದೆ. ಅವ್ವನಿಗೆ ಹೇಳುವಂತಿಲ್ಲ. ಹರ್ಷಿಣಿಗೆ ಹೇಳಿದರೆ ಚಪ್ಪಾಳೆ ತಟ್ಟುತ್ತಾಳೆ. ಮೌನಳಿಗೆ ಹೇಳಿದರೆ ಬರುವುದನ್ನೇ ಬಿಡುತ್ತಾಳೆ. ಕೊನೆಗೆ ಹೇಳಬಹುದಾದವನು ಒಬ್ಬನೇ ಉಳಿದ. ಅವನ ಮೇಲೆ ನನಗೆ ಸಿಟ್ಟು.

ಮೌನ ಹೇಗೂ ಬಿಟ್ಟಳು. ಅವಳಿಗೆ ಮದುವೆ ಗೊತ್ತಾಗಿದೆ. ಹೋದ ಭಾನುವಾರ ನಾನೊಬ್ಬಳೇ ನಿಂತಿದ್ದೆ. ಯಾವಾಗಲೂ ನಮ್ಮನ್ನು ಕಿಚಾಯಿಸುವ ಆಟೋದವನು "ಎನ್ನಮ್ಮಾ, ಇನ್ನಿಕ್ಕಿ ನೀ ಮಟ್ಟುಮಾ?" ಎಂದ. ಹೌದು, ಇವತ್ತು ನಾನು ಮಾತ್ರ. ಅವನು ಗಾಡಿ ಬದಿಗೆ ನಿಲ್ಲಿಸಿ, ಪಾಪ ಅನ್ನಿಸಿತೋ ಏನೋ, ತಾನಾಗಿ ಒಂದು ಕರಪತ್ರ ಕೇಳಿದ. ನನ್ನ ಕೈ ಮುಂದಕ್ಕೆ ಹೋಗಲಿಲ್ಲ. ಅದರಲ್ಲಿ ವಿಷ ಎಂದು ಬರೆದವಳು ನಾನು. ನಾನು ಕುಡಿದದ್ದು ವಿಷದ ಹಾಗಿರಲಿಲ್ಲ. ಇಸ್ತ್ರಿ ಅಕ್ಕನ ಮನೆ ಹಾಳಾಗುತ್ತಿರುವುದೂ ನಿಜ. ಎರಡನ್ನೂ ಒಂದೇ ಹಾಳೆಯಲ್ಲಿ ಬರೆಯುವುದು ಹೇಗೆ ಎಂದು ನಾನು ಓದಿದ ಯಾವ ಕರಪತ್ರದಲ್ಲೂ ಇಲ್ಲ. ಇದನ್ನು ಬರೆಯದೆ ಆ ಸಿಗ್ನಲ್ಲಿಗೆ ಮತ್ತೆ ಹೋಗುವುದಿಲ್ಲ. ಬರೆದ ಮೇಲೆ ಖಂಡಿತ ಹೋಗುತ್ತೇನೆ. ನಾನು ಬದಲಾದೆ ಎಂದು ಖುಷಿಪಡಬೇಡ.

ಬಂದು ಅವ್ವನಿಗೆ ಹೇಳು. ಹದಿನೆಂಟಕ್ಕೆ ಮೊದಲು.

ಶರಣ್ಯಾ


ಬೆಂಗಳೂರು
10 ಆಗಸ್ಟ್ 2025

ಶರಣಿ,

ಲವಂಗ ಹಾಕಿಲ್ಲ. ಅದು ಏಲ್ ಹುದುಗಿಸುವ ಯೀಸ್ಟ್ ತಾನಾಗಿ ಕೊಡುವ ಘಮ. ಈ ಎರಡು ವರ್ಷದಲ್ಲಿ ಎಷ್ಟೋ ಜನ ಕುಡಿದರು, ಲವಂಗ ಹಾಕಿದ್ದೆಯಾ ಎಂದು ಕೇಳಿದವಳು ನೀನೊಬ್ಬಳೇ. ಆ ಸಾಲನ್ನು ಎಷ್ಟು ಸಲ ಓದಿದೆ ಎಂದು ಹೇಳುವುದಿಲ್ಲ, ನೀನು ಮುಂದಿನ ಕರಪತ್ರದಲ್ಲಿ ಹಾಕಿಬಿಡುತ್ತೀಯ.

ಕಿತ್ತಳೆ ರಸದ ಮಾತು ಬಿಟ್ಟೆ. ನೀನು ಹೇಳಿದ್ದು ಸರಿ.

ಆದರೆ ಬರಲು ನನಗೆ ಭಯ. ಅವ್ವ ಬೈದರೆ ತಡೆಯುತ್ತೇನೆ, ಅತ್ತರೂ ತಡೆಯುತ್ತೇನೆ. ಆಕೆ ಏನೂ ಅನ್ನದೆ ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡರೆ? ಇಲ್ಲಿ ನನಗೆ ಇರುವುದು ಒಂದು ರೂಮು. ಮನೆ ಅಂದರೆ ಅವ್ವನ ಮನೆಯೊಂದೇ. ಈಗ ನಾನು ದೂರ ಇದ್ದೇನೆ, ಆದರೂ ಅದು ಅಲ್ಲಿದೆ. ಹೇಳಿದ ಮೇಲೆ ಇರುತ್ತದೋ ಇಲ್ಲವೋ.

ನಾನು ಎಲ್ಲವನ್ನೂ ಕಾಗದದಲ್ಲಿ ಬರೆದು ಕಳಿಸುತ್ತೇನೆ, ನೀನು ಓದಿ ಹೇಳು. ಆಕೆ ಬಾ ಎಂದರೆ ಆಗ ಬರುತ್ತೇನೆ. ಇಷ್ಟು ಮಾಡು.

ಶಿವು


ಪುರಸೈವಾಕ್ಕಂ, ಚೆನ್ನೈ
13 ಆಗಸ್ಟ್ 2025

ಶಿವಣ್ಣ,

ನಿನ್ನ ಕಾಗದ ನಾನು ಓದಿ ಹೇಳುವುದಿಲ್ಲ. ನಮ್ಮಿಬ್ಬರಿಗೆ ಕಾಗದ ಸಾಕಾಗಿತ್ತು. ಅವ್ವನಿಗೆ ಸಾಲದು. ಆಕೆಗೆ ಮುಖ ಬೇಕು.

ಇಲ್ಲಿ ದಾಸೋಹದ ತಯಾರಿ ನಡೆದಿದೆ. ಅಟ್ಟದ ಮೇಲಿನ ಸ್ಟೀಲ್ ಲೋಟಗಳನ್ನೆಲ್ಲ ಇಳಿಸಿ, ಹುಣಸೆಹಣ್ಣು ಹಾಕಿ ಬೆಳಗಿ, ಬಟ್ಟೆಯ ಮೇಲೆ ಬೋರಲು ಹಾಕಿದ್ದಾಳೆ. ನೆಲದ ತುಂಬ ಲೋಟ, ನಡುವೆ ಕಾಲಿಡಲು ಜಾಗ ಇಲ್ಲ. ನಿನ್ನೆ ನನ್ನನ್ನು ಕೇಳಿದಳು: "ಅಂವ ಯಾಕ ಈಗೀಗ ಫೋನ್‌ನ್ಯಾಗ ಸರಿಯಾಗಿ ಮಾತಾಡವಲ್ಲ? ಮೈಯಾಗ ಆರಾಮ ಐತಿಲ್ಲ?" ನಾನು ಲೋಟ ಎಣಿಸುವ ಹಾಗೆ ನಟಿಸಿದೆ. ಆಕೆ ಇನ್ನೊಂದು ಲೋಟ ಒರೆಸಿ ಬೋರಲು ಹಾಕಿದಳು. "ನೀನೂ ಮಾತಾಡವಲ್ಲಿ" ಎಂದಳು. ಈ ಮನೆಯಲ್ಲಿ ಇಬ್ಬರೇ ಇರುವುದು. ಈಚೆಗೆ ಒಬ್ಬೊಬ್ಬರೇ ಇದ್ದ ಹಾಗಿದೆ.

ಭಯ ನನಗೂ ಇದೆ. ನಾನು ಗೊತ್ತಿದ್ದು ಕುಡಿದೆ, ಗೊತ್ತಿದ್ದು ಸುಮ್ಮನಿದ್ದೆ. ನಿನ್ನದು ಮುಗಿದ ಮೇಲೆ ನನ್ನದನ್ನು ನಾನೇ ಹೇಳುತ್ತೇನೆ. ನಿನ್ನ ಹಿಂದೆ ನಿಂತು ಅಲ್ಲ, ಪಕ್ಕದಲ್ಲಿ ಕೂತು. ಬಳಗದವರಿಗೆ ಏನು ಹೇಳಬೇಕು, ದಾಸೋಹ ಹೇಗೆ ನಡೆಸಬೇಕು, ಅದೆಲ್ಲ ಆಕೆಯ ತೀರ್ಮಾನ. ನಾವು ಅದರಲ್ಲಿ ಬಾಯಿ ಹಾಕಬಾರದು.

ನಿನ್ನ ಕೆಲಸವನ್ನು ನಾನು ಈಗಲೂ ಒಪ್ಪುವುದಿಲ್ಲ. ರಸ್ತೆಯಲ್ಲಿ ನಿನ್ನ ವಿರುದ್ಧ ಕೂಗುತ್ತೇನೆ. ಮನೆಯಲ್ಲಿ ನಿನ್ನ ಪಕ್ಕ ಕೂರುತ್ತೇನೆ. ಇದು ಸರಿಯೋ ತಪ್ಪೋ ಹೇಳಿಕೊಡುವವರು ಯಾರೂ ಇಲ್ಲ, ಆದರೆ ನನಗೆ ಇಷ್ಟೇ ಸಾಧ್ಯ.

ಶನಿವಾರ ನಿಮ್ಮಲ್ಲಿ ಜನ ಜಾಸ್ತಿ ಎಂದು ಗೊತ್ತು. ಬಿಟ್ಟು ಬಾ. ರಾತ್ರಿಯ ರೈಲು ಹಿಡಿ. ಕೈಯಲ್ಲಿ ಏನೂ ತರಬೇಡ, ಹಣ್ಣು ಕೂಡ ಬೇಡ. ಬೆಳಗ್ಗೆ ಬೇಗ ಮುಟ್ಟಿದರೂ ಸ್ಟೇಷನ್ನಿನಲ್ಲೇ ಕೂತಿರು, ಏಕೆಂದರೆ ಬೇಗ ಬಂದರೆ ಅವ್ವ ಮೊದಲು ನಾಷ್ಟಾ ಕೊಡುತ್ತಾಳೆ, ಮಧ್ಯಾಹ್ನವಾದರೆ ಎಲೆ ಹಾಕಿಬಿಡುತ್ತಾಳೆ. ನಿನ್ನ ಹೂಂ ಒಂದು, ಆ ಪ್ರಸಾದ ಎರಡು, ಉಂಡ ಮೇಲೆ ಹೇಳಿದರೆ ಅದು ಮೂರನೇ ಮೋಸ. ಆಕೆ ಎಲ್ಲ ಕೇಳಿ, ತಿಳಿದು, ಆಮೇಲೆ ನಮಗೆ ಬಡಿಸಬೇಕೋ ಬೇಡವೋ ನೋಡಲಿ. ನಿನಗೆ ಬಡಿಸದಿದ್ದರೆ ನನಗೂ ಬಡಿಸುವುದಿಲ್ಲ, ಅಷ್ಟು ನನಗೆ ಗೊತ್ತು.

ಪೂಜೆ ಮುಗಿದು, ಮಧ್ಯಾಹ್ನದ ಅಡುಗೆಗೆ ಒಲೆ ಹಚ್ಚುವ ಮೊದಲು ಆಕೆ ಕಿಟಕಿಯ ಹತ್ತಿರ ಸ್ವಲ್ಪ ಹೊತ್ತು ಸುಮ್ಮನೆ ಕೂರುತ್ತಾಳೆ. ಆ ಹೊತ್ತಿಗೆ ಸರಿಯಾಗಿ ಬಾ. ನಾನು ಕೆಳಗೆ ಮೆಟ್ಟಿಲ ಹತ್ತಿರ ನಿಂತಿರುತ್ತೇನೆ, ಇಬ್ಬರೂ ಒಟ್ಟಿಗೆ ಹತ್ತೋಣ.

ಭಾನುವಾರ, ಆಗಸ್ಟ್ ಹದಿನೇಳು, ಬೆಳಗ್ಗೆ ಹತ್ತೂವರೆ.

ನಿನ್ನ ತಂಗಿ,
ಶರಣ್ಯಾ